ಸವೆದ ಟೈರಿನ ಸ್ಕೂಟರ್ ಕೊಟ್ಟು, ಡೆಪಾಸಿಟ್ ಹಣವನ್ನೂ ಹಿಡಿದುಕೊಂಡ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಸ್ಕೂಟರ್ ಬಾಡಿಗೆ ಸೇವೆ, ಧಾರವಾಡ

ಮಾನ್ಯರೇ,

ಕಳೆದ ಭಾನುವಾರ ನಿಮ್ಮಲ್ಲಿ ಒಂದು ದಿನಕ್ಕೆ ಸ್ಕೂಟರ್ ಬಾಡಿಗೆಗೆ ಪಡೆದಿದ್ದೆ. ಬಾಡಿಗೆ 600 ರೂಪಾಯಿ, ಡೆಪಾಸಿಟ್ 2,000. ಗಣೇಶಗುಡಿಗೆ ಹೋಗುತ್ತೇವೆ ಎಂದು ಹಿಂದಿನ ಸಂಜೆಯೇ ಹೇಳಿದ್ದೆ. ಹೋಗಿ ಬರೋಕೆ ಸುಮಾರು 160 ಕಿಲೋಮೀಟರ್, ದಾಂಡೇಲಿ ದಾಟಿದ ಮೇಲೆ ಕಾಡು ದಾರಿ ಅಂತಲೂ ಹೇಳಿದ್ದೆ. "ಆರಾಮ ಹೋಗ್ರಿ ಮೇಡಂ, ಗಾಡಿ ಚಲೋ ಐತಿ" ಎಂದು ನಿಮ್ಮ ಹುಡುಗ ಕೀಲಿ ಕೊಟ್ಟ.

ಈ ಪ್ರವಾಸ ನನ್ನ ತಮ್ಮನಿಗಾಗಿ. ಅವನು ನಮ್ಮೂರ ಹೊಲದ ಬಾವಿಯಲ್ಲಿ ಈಜು ಕಲಿತವನು. ಹರಿಯುವ ನೀರಿಗೆ ಒಮ್ಮೆಯೂ ಇಳಿದಿರಲಿಲ್ಲ. ಕಾಳಿ ಹೊಳೆಯ ಬಂಡೆಗಳ ನಡುವಿನ ಹೊಂಡಗಳಲ್ಲಿ ಕೂರಬೇಕು, ಬೆನ್ನಿಗೆ ನೀರು ಬಡಿಯಬೇಕು ಎಂದು ಎರಡು ವರ್ಷದಿಂದ ಹೇಳುತ್ತಿದ್ದ. ಸೂಪಾ ಅಣೆಕಟ್ಟೆಯಲ್ಲಿ ಕರೆಂಟಿಗಾಗಿ ನೀರು ಬಿಟ್ಟಾಗ ಅಲ್ಲಿ ಹೊಳೆ ಏರುತ್ತದೆ. ಹಾಗಾಗಿ ನಮಗೆ ಬೇಕಾದ ಹೊತ್ತಿಗೆ ಇಳಿಯೋಕೆ ಆಗಲ್ಲ. ಲೈಫ್ ಜಾಕೆಟ್ ಕೊಟ್ಟು ಇಳಿಸುವವರು ನಮಗೆ ಬೆಳಗ್ಗೆ 10ರ ಹೊತ್ತು ಕೊಟ್ಟಿದ್ದರು. ಅದಕ್ಕೇ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬೆಳಗ್ಗೆ 6ಕ್ಕೇ ಹೊರಟೆವು.

ಹಳಿಯಾಳ ದಾಟಿ ದಾಂಡೇಲಿವರೆಗೆ ತೊಂದರೆ ಆಗಲಿಲ್ಲ. ಅಲ್ಲಿಂದ ಹತ್ತು ಕಿಲೋಮೀಟರ್ ಮುಂದೆ ಹೋಗುವಷ್ಟರಲ್ಲಿ ಹಿಂದಿನ ಚಕ್ರ ಒಮ್ಮೆಲೇ ಕೂತುಬಿಟ್ಟಿತು. ಇಳಿಜಾರು ಬೇರೆ. ಗಾಡಿ ಹೊಯ್ದಾಡಿ ರಸ್ತೆ ಬಿಟ್ಟು ಮಣ್ಣಿಗೆ ಇಳಿಯಿತು. ತಮ್ಮ ಹಿಂದಿನಿಂದ ನನ್ನ ಹೆಗಲನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದ ಅಂದರೆ ರಾತ್ರಿ ನೋಡಿದಾಗ ಬೆರಳಿನ ಗುರುತು ಮೂಡಿತ್ತು. ನಮ್ಮ ಪುಣ್ಯ, ಎದುರಿನಿಂದ ಲಾರಿ ಬರಲಿಲ್ಲ.

ಎರಡೂ ಕಡೆ ಕಾಡು. ಮೊಬೈಲಿಗೆ ಸಿಗ್ನಲ್ ಇಲ್ಲ. ತಮ್ಮನನ್ನು ಗಾಡಿ ಹತ್ತಿರ ನಿಲ್ಲಿಸಿ ಅರ್ಧ ಗಂಟೆ ನಡೆದ ಮೇಲೆ ನಿಮ್ಮ ನಂಬರಿಗೆ ಕರೆ ಹೋಯಿತು. ನೀವೇ ಕೊಟ್ಟ ರಸೀದಿಯ ಮೇಲೆ "24 ಗಂಟೆ ರಸ್ತೆ ಸಹಾಯ" ಎಂದು ದಪ್ಪ ಅಕ್ಷರದಲ್ಲಿದೆ. ಆದರೆ ಸಿಕ್ಕ ಉತ್ತರ, "ಧಾರವಾಡ ಬಿಟ್ಟು ಹೊರಗೆ ಬರಲ್ಲ, ನೀವೇ ನೋಡಿಕೊಳ್ಳಿ." ಗಣೇಶಗುಡಿಗೆ ಎಂದು ಕೇಳಿಕೊಂಡೇ ಗಾಡಿ ಕೊಟ್ಟವರು ಹೀಗೆ ಹೇಳಬಹುದಾ?

ಕೊನೆಗೆ ತರಕಾರಿ ಇಳಿಸಿ ವಾಪಸ್ ಬರುತ್ತಿದ್ದ ಪಿಕಪ್ ಚಾಲಕರೊಬ್ಬರು ಗಾಡಿಯನ್ನೂ ನಮ್ಮನ್ನೂ ಹತ್ತಿಸಿಕೊಂಡು ದಾಂಡೇಲಿಗೆ ಬಿಟ್ಟರು. ಬಾಡಿಗೆ ಕೊಡಲು ಹೋದರೆ ಬೇಡ ಅಂದರು.

ಅಲ್ಲಿನ ಮೆಕ್ಯಾನಿಕ್ ಟೈರ್ ಬಿಚ್ಚಿ ನನ್ನ ಮುಂದೆಯೇ ಇಟ್ಟರು. ಪಂಚರ್‌ಗೆ ಹಾಕುವ ರಬ್ಬರ್ ಬತ್ತಿಗಳು ಐದು ಇದ್ದವು. ಅವುಗಳಲ್ಲಿ ಎರಡು ಅಕ್ಕಪಕ್ಕದಲ್ಲೇ. ಗಾಳಿ ಹೋಗಿದ್ದು ಅಲ್ಲೇ, ಹೊಸ ಮೊಳೆ ಏನೂ ಚುಚ್ಚಿರಲಿಲ್ಲ. ನಡುವಿನ ಗೆರೆಗಳು ಪೂರ್ತಿ ಅಳಿಸಿ ಅಂಗೈಯಷ್ಟು ನುಣ್ಣಗಾಗಿತ್ತು. ಒಂದು ಕಡೆ ರಬ್ಬರ್ ಸವೆದು ಒಳಗಿನ ನೂಲು ಕಾಣುತ್ತಿತ್ತು. ಇದನ್ನು ನೋಡೋಕೆ ಮೆಕ್ಯಾನಿಕ್ ಆಗಬೇಕಿಲ್ಲ, ಬಗ್ಗಿದರೆ ಸಾಕು. ಬೆಳಗ್ಗೆ ಕತ್ತಲಲ್ಲಿ ನಾನು ಬಗ್ಗಲಿಲ್ಲ, ನಿಜ. ಆದರೆ ನೋಡಬೇಕಾದ ಕೆಲಸ ನಿಮ್ಮದಲ್ವಾ?

ಹೊಸ ಟೈರಿಗೆ 1,450 ರೂಪಾಯಿ ಕೊಟ್ಟೆ. ಹೊಳೆ ಮುಟ್ಟಿದಾಗ ಮಧ್ಯಾಹ್ನ ಎರಡೂವರೆ. ಮೂರಕ್ಕೆ ಎಲ್ಲರನ್ನೂ ಮೇಲೆ ಕರೆದರು. ತಮ್ಮನಿಗೆ ನೀರಿನಲ್ಲಿ ಸಿಕ್ಕಿದ್ದು ಇಪ್ಪತ್ತು ನಿಮಿಷ.

ರಾತ್ರಿ 8.20ಕ್ಕೆ ಗಾಡಿ ತಂದಾಗ ತಡವಾಯಿತೆಂದು 300 ರೂಪಾಯಿ, ಮುಂದಿನ ಮಡ್‌ಗಾರ್ಡ್ ಗೀಚಿದೆ ಎಂದು 1,200 ಹಿಡಿದು 500 ಮಾತ್ರ ಕೊಟ್ಟಿರಿ. ಆ ಗೀರು ಬೆಳಗ್ಗೆ 5.52ಕ್ಕೆ ನಿಮ್ಮ ಅಂಗಡಿ ಮುಂದೆ ತೆಗೆದ ಫೋಟೋದಲ್ಲೇ ಇದೆ. ಅದನ್ನು ತೋರಿಸಿದರೂ ನಿಮ್ಮವರು ನೋಡಲಿಲ್ಲ. ನನ್ನ ದುಡ್ಡಿನ ಹೊಸ ಟೈರ್ ನಿಮ್ಮ ಗಾಡಿಯಲ್ಲಿದೆ, ನನ್ನ ಡೆಪಾಸಿಟ್ಟೂ ನಿಮ್ಮ ಹತ್ತಿರವೇ ಇದೆ.

ಇನ್ನೊಂದು ವಿಷಯ. ಹೀಗೆ ನಾವೇ ಓಡಿಸುವ ಬಾಡಿಗೆ ಗಾಡಿಗೆ ಕಪ್ಪು ಪಟ್ಟಿಯ ಮೇಲೆ ಹಳದಿ ಅಕ್ಷರದ ನಂಬರ್ ಪ್ಲೇಟ್ ಇರಬೇಕು. ನಿಮ್ಮದಕ್ಕೆ ಮನೆ ಗಾಡಿಯಂತೆ ಬಿಳಿ ಪ್ಲೇಟ್ ಇದೆ. ಮೆಕ್ಯಾನಿಕ್ ಹೇಳುವವರೆಗೂ ನಾನು ಗಮನಿಸಿರಲಿಲ್ಲ. ಬಿದ್ದು ಪೆಟ್ಟಾಗಿದ್ದರೆ ಇನ್ಶೂರೆನ್ಸ್ ಯಾರು ಕೊಡುತ್ತಿದ್ದರು? ಈ ಗಾಡಿಗೆ ಬಾಡಿಗೆಯ ಪರವಾನಗಿ ಇದೆಯೇ ಎಂದು ಬರಹದಲ್ಲಿ ತಿಳಿಸಿ.

ಹಿಡಿದುಕೊಂಡ 1,500, ಟೈರಿನ 1,450, ಒಟ್ಟು 2,950 ರೂಪಾಯಿ ವಾಪಸ್ ಕೊಡಿ. 600 ರೂಪಾಯಿ ಬಾಡಿಗೆ ಕೇಳುವುದಿಲ್ಲ, ಗಾಡಿ ಓಡಿಸಿದ್ದೇವೆ. ದುಡ್ಡಿಗಿಂತ ಮೊದಲು ಆಗಬೇಕಾದ ಕೆಲಸ ಒಂದಿದೆ. ಮುಂದಿನ ಭಾನುವಾರದೊಳಗೆ ನಿಮ್ಮಲ್ಲಿರುವ ಪ್ರತಿ ಗಾಡಿಯ ಟೈರ್, ಬ್ರೇಕ್ ನೋಡಿಸಿ. ನಿಮ್ಮ ಗಿರಾಕಿಗಳಲ್ಲಿ ಜಾಸ್ತಿ ಜನ ಹಾಸ್ಟೆಲ್ ಮಕ್ಕಳು. ಅವರೂ ಇದೇ ದಾರಿಯಲ್ಲಿ ಇಬ್ಬಿಬ್ಬರು ಕೂತು ಹೋಗುತ್ತಾರೆ.

15 ದಿನದೊಳಗೆ ಉತ್ತರ ಬಾರದಿದ್ದರೆ 1915 ಗ್ರಾಹಕ ಸಹಾಯವಾಣಿಗೂ, ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೂ ದೂರು ಕೊಡುತ್ತೇನೆ. ರಸೀದಿ, ಟೈರಿನ ಬಿಲ್, ಬೆಳಗಿನ ಫೋಟೋ ಲಗತ್ತಿಸಿದ್ದೇನೆ. ಹಳೇ ಟೈರನ್ನು ದಾಂಡೇಲಿಯಿಂದ ಕಟ್ಟಿಕೊಂಡು ತಂದಿದ್ದೇನೆ. ನಮ್ಮ ಮನೆ ಪಡಸಾಲೆಯಲ್ಲಿದೆ, ಬಂದು ಕೈ ಆಡಿಸಿ ನೋಡಿ.

ಇಂತಿ,
ನಿಮ್ಮ ಗ್ರಾಹಕಿ
ಧಾರವಾಡ