ಶಾಲಾ ಮಕ್ಕಳಿಗೆ ಕೈತೋಟದ ಜಾಗ ಮತ್ತು ಹತ್ತಿರದ ಹೊಲಗಳ ಒಡನಾಟ ಕೋರಿ ಮನವಿ

ಇವರಿಗೆ,
ಮಾನ್ಯ ಆಯುಕ್ತರು,
ಮಹಾನಗರ ಪಾಲಿಕೆ, ದಾವಣಗೆರೆ.

ವಿಷಯ: ಸರ್ಕಾರಿ ಶಾಲೆಗಳ ಹತ್ತಿರದ ಉದ್ಯಾನವನಗಳಲ್ಲಿ ಮಕ್ಕಳಿಗೆ ಸೊಪ್ಪು, ತರಕಾರಿ ಬೆಳೆಯಲು ಜಾಗ, ನೀರು, ಗೊಬ್ಬರ ಒದಗಿಸುವುದು ಹಾಗೂ ಅವರನ್ನು ಹತ್ತಿರದ ಹೊಲಗಳಿಗೆ ಕರೆದೊಯ್ಯುವ ಬಗ್ಗೆ.

ಮಾನ್ಯರೇ,

ನಾವು ನಿಟುವಳ್ಳಿ ಮತ್ತು ಸುತ್ತಲಿನ ಬಡಾವಣೆಗಳ ನಿವಾಸಿಗಳು. ನಮ್ಮಲ್ಲಿ ಹಲವರ ಮಕ್ಕಳು ಇಲ್ಲಿನ ಸರ್ಕಾರಿ ಶಾಲೆಗಳಲ್ಲೇ ಓದುತ್ತಾರೆ. ನಾವು ಕೇಳುತ್ತಿರುವುದಕ್ಕೆ ಜಾಸ್ತಿ ಖರ್ಚು ಬೀಳುವುದಿಲ್ಲ. ಆದರೆ ಪಾಲಿಕೆ ಕೈಜೋಡಿಸದೆ ಅದು ನಡೆಯುವುದೂ ಇಲ್ಲ.

ನಮ್ಮ ಊರಿನ ಸುತ್ತ ಭದ್ರಾ ನಾಲೆ ಹರಿಯುತ್ತದೆ. ಹದಡಿ, ಕುಕ್ಕುವಾಡದ ಕಡೆ ಹೋದರೆ ಭತ್ತದ ಗದ್ದೆಗಳು. ಆನಗೋಡಿನ ಕಡೆ ಮಳೆ ನಂಬಿದ ಮೆಕ್ಕೆಜೋಳ. ಚನ್ನಗಿರಿ ದಾರಿ ಹಿಡಿದರೆ ಅಡಿಕೆ ತೋಟ. ಎಲ್ಲವೂ ಒಂದೇ ದಿನದಲ್ಲಿ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಆದರೂ ನಮ್ಮ ಮಕ್ಕಳು ಮಂಡಕ್ಕಿ ಭಟ್ಟಿಯನ್ನು ನೋಡಿರುತ್ತಾರೆ, ಆ ಮಂಡಕ್ಕಿಗೆ ಬೇಕಾದ ಭತ್ತವನ್ನು ನಾಟಿ ಮಾಡುವುದನ್ನು ನೋಡಿರುವುದಿಲ್ಲ. ನಮ್ಮಲ್ಲಿ ಎಷ್ಟೋ ಜನ ಹಳ್ಳಿಯಿಂದ ಬಂದವರೇ. ಒಂದೇ ತಲೆಮಾರಿನಲ್ಲಿ ಈ ನಂಟು ಇಷ್ಟು ಸಡಿಲವಾಯಿತಲ್ಲ ಎಂಬ ಸಂಕಟ ನಮಗಿದೆ.

ಇದು ಬರೀ ತಿಳಿವಳಿಕೆಯ ಮಾತಲ್ಲ, ಊಟದ ಮಾತು ಕೂಡ. ಬಿಸಿಯೂಟದ ನಿಯಮದಲ್ಲಿ ಕಿರಿಯ ಪ್ರಾಥಮಿಕ ಮಕ್ಕಳಿಗೆ ದಿನಕ್ಕೆ 50 ಗ್ರಾಂ, ಹಿರಿಯ ಪ್ರಾಥಮಿಕ ಮಕ್ಕಳಿಗೆ 75 ಗ್ರಾಂ ತರಕಾರಿ ಎಂದಿದೆ. ಅಷ್ಟು ಹಾಕಿದರೂ ಸೊಪ್ಪು, ಬೆಂಡೆಕಾಯಿ ತಟ್ಟೆಯ ಅಂಚಿಗೆ ಹೋಗುತ್ತವೆ. ಬಯ್ದರೆ ಮಕ್ಕಳು ತಿನ್ನುವುದಿಲ್ಲ. ತಾವೇ ಬೀಜ ಹಾಕಿ, ನೀರು ಹನಿಸಿ, ದಿನಾ ಹೋಗಿ ನೋಡಿದ ಮೆಂತ್ಯೆ ಸೊಪ್ಪಾದರೆ ಒಂದು ತುತ್ತಾದರೂ ರುಚಿ ನೋಡುತ್ತಾರೆ. ಮನೆ ಮುಂದಿನ ಕುಂಡಗಳಲ್ಲಿ ನಾವು ಇದನ್ನು ಕಂಡಿದ್ದೇವೆ.

ಶಾಲೆಗಳಲ್ಲಿ ಪೌಷ್ಟಿಕ ತೋಟ ಮಾಡಬೇಕೆಂದು ಕೇಂದ್ರ ಸರ್ಕಾರ 2019ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಜಾಗ ಕಡಿಮೆ ಇದ್ದರೆ ಕುಂಡ, ಡಬ್ಬಗಳಲ್ಲೂ ಬೆಳೆಯಬಹುದು ಎಂದು ಅದರಲ್ಲಿದೆ. ಹಾಗಿದ್ದೂ ಪಟ್ಟಣದ ಶಾಲೆಗಳಲ್ಲಿ ತೋಟ ಯಾಕೆ ನಿಲ್ಲುವುದಿಲ್ಲ? ಕಾರಣ ಸರಳ. ಏಪ್ರಿಲ್‌ನಲ್ಲಿ ಶಾಲೆಗೆ ಬೀಗ ಬೀಳುತ್ತದೆ, ಮೇ ಕೊನೆಗೆ ತೆಗೆಯುತ್ತಾರೆ. ದಾವಣಗೆರೆಯ ಬಿಸಿಲಿನಲ್ಲಿ ಅಷ್ಟು ದಿನ ನೀರಿಲ್ಲದೆ ಯಾವ ಗಿಡ ಉಳಿಯುತ್ತದೆ? ನಮ್ಮ ಕಡೆಯ ಒಂದು ಶಾಲೆಯಲ್ಲಿ ಶಿಕ್ಷಕರು ತುಂಬಾ ಆಸೆಯಿಂದ ಮಾಡಿದ ಪಾತಿಗಳು ಹೀಗೇ ಒಣಗಿದವು. ಮತ್ತೆ ಮಾಡಿ ಅಂತ ಅವರನ್ನು ಕೇಳಲು ನಮಗೆ ಮನಸ್ಸು ಬರುತ್ತಿಲ್ಲ.

ಆದ್ದರಿಂದ ಶಾಲೆಗೆ ನಡೆದು ಹೋಗುವಷ್ಟು ಹತ್ತಿರವಿರುವ ಪಾಲಿಕೆ ಉದ್ಯಾನವನದಲ್ಲಿ ಒಂದು ಮೂಲೆಯನ್ನು ಮಕ್ಕಳಿಗೆ ಬಿಟ್ಟುಕೊಡಿ. ರಜೆಯಲ್ಲಿ ಅಲ್ಲಿನ ಮಾಲಿ ಉಳಿದ ಗಿಡಗಳ ಜೊತೆ ಇವಕ್ಕೂ ನೀರು ಹಾಕಬಹುದು. ಉದ್ಯಾನವನಗಳನ್ನು ಬೇರೆ ಉದ್ದೇಶಕ್ಕೆ ಬಳಸದಂತೆ 1985ರ ರಾಜ್ಯ ಕಾಯ್ದೆ ಕಾಪಾಡುತ್ತದೆ. ಅದು ಹಾಗೇ ಇರಬೇಕು ಎನ್ನುವವರೇ ನಾವು. ನಮಗೆ ಶೆಡ್ಡೂ ಬೇಡ, ಕಾಂಪೌಂಡೂ ಬೇಡ, ಮಣ್ಣಿನ ಪಾತಿ ಸಾಕು. ಅಂಚಿನಲ್ಲಿ ನುಗ್ಗೆ, ಕರಿಬೇವು, ನಿಂಬೆ ಹಾಕಿದರೆ ಅವು ಬೇರೂರಿದ ಮೇಲೆ ಬೇಸಿಗೆಯನ್ನೂ ತಡೆಯುತ್ತವೆ. ಮೆಂತ್ಯೆ, ಹರಿವೆಯಂಥವನ್ನು ಜೂನ್‌ನಲ್ಲಿ ಬಿತ್ತಿದರೆ ಸುಮಾರು ಒಂದು ತಿಂಗಳಲ್ಲಿ ಕೀಳಬಹುದು. ಮಕ್ಕಳಿಗೆ ಬೇಗ ಕೈಗೆ ಸಿಗುವ ಬೆಳೆಯೇ ಮೊದಲು ಬೇಕು, ಇಲ್ಲದಿದ್ದರೆ ಉತ್ಸಾಹ ಇಳಿದುಬಿಡುತ್ತದೆ.

ನೀರಿನ ಕಷ್ಟ ನಮಗೂ ಗೊತ್ತು. ನಾಲೆ ನಿಂತರೆ ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆಗಳ ನೀರನ್ನೇ ಅಳೆದು ಬಳಸಬೇಕಾಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಕುಡಿಯುವ ನೀರನ್ನು ತೋಟಕ್ಕೆ ಕೇಳುವುದಿಲ್ಲ. ಉದ್ಯಾನವನದ ಕೊಳವೆಬಾವಿಯಿಂದ ಆ ಮೂಲೆಗೆ ಒಂದು ಪೈಪ್ ಎಳೆಸಿ. ಶಾಲೆಯಲ್ಲಿ ಊಟಕ್ಕೆ ಮುಂಚೆ, ಊಟವಾದ ಮೇಲೆ ಮಕ್ಕಳು ಕೈ ತೊಳೆಯುವ ನೀರು ಸುಮ್ನೆ ಚರಂಡಿ ಸೇರುತ್ತದೆ. ಅದನ್ನು ಒಂದೆರಡು ಬಾಳೆ, ಪಪ್ಪಾಯಿ ಗುಂಡಿಗೆ ತಿರುಗಿಸುವ ಕೆಲಸಕ್ಕೆ ವಾರ್ಡಿನ ಎಂಜಿನಿಯರ್ ಒಮ್ಮೆ ಬಂದು ನೋಡಿದರೆ ಸಾಕು. ಚರಂಡಿ ನೀರನ್ನು ಮಾತ್ರ ಮಕ್ಕಳು ತಿನ್ನುವ ಸೊಪ್ಪಿಗೆ ಯಾವ ಕಾರಣಕ್ಕೂ ಬಿಡಬಾರದು.

ಗೊಬ್ಬರಕ್ಕೆ ನಮ್ಮ ಮನೆಗಳ ಹಸಿ ಕಸವೇ ಇದೆ. ಅದನ್ನು ಬೇರ್ಪಡಿಸಿ ಕೊಡುವ ಜವಾಬ್ದಾರಿ ನಮ್ಮದು. ಗಾಜು, ಪ್ಲಾಸ್ಟಿಕ್ ಚೂರು ಇಲ್ಲದಂತೆ ಜರಡಿ ಹಿಡಿದ ಗೊಬ್ಬರವನ್ನು ಪಾಲಿಕೆ ಮಕ್ಕಳ ತೋಟಕ್ಕೆ ಉಚಿತವಾಗಿ ಕೊಡಲಿ. ಮಕ್ಕಳು ಬರಿಗೈಯಲ್ಲಿ ಮಣ್ಣು ಮುಟ್ಟುತ್ತಾರೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇವೆ.

ಇನ್ನು ಹೊಲದ ಭೇಟಿ. ಒಂದು ದಿನ ಹೋಗಿ ಫೋಟೋ ತೆಗೆಸಿಕೊಂಡು ಬರುವುದು ನಮಗೆ ಬೇಡ. ಒಂದು ತರಗತಿ ಒಂದೇ ಗದ್ದೆಗೆ ಎರಡು ಸಲ ಹೋಗಬೇಕು, ಮಳೆಗಾಲದ ನಾಟಿಗೊಮ್ಮೆ, ಕೊಯ್ಲಿಗೊಮ್ಮೆ. ನಡುವೆ ಮಳೆ ಕೈಕೊಟ್ಟಿತೋ, ನಾಲೆ ನೀರು ಕೊನೆಯ ಗದ್ದೆಗೆ ತಲುಪಿತೋ, ರೇಟು ಸಿಕ್ಕಿತೋ ಎಂದು ರೈತರನ್ನೇ ಮಕ್ಕಳು ಕೇಳಲಿ. ಗದ್ದೆ ಗೊತ್ತು ಮಾಡಲು ಹೋಬಳಿಯ ರೈತ ಸಂಪರ್ಕ ಕೇಂದ್ರಗಳಿವೆ. ತೋಟಗಾರಿಕೆ ಇಲಾಖೆ ಇದೆ, ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೆ. ಪಾಲಿಕೆಯಿಂದ ಒಂದು ಪತ್ರ ಹೋದರೆ ಶಿಕ್ಷಕರ ಓಡಾಟ ಎಷ್ಟೋ ತಪ್ಪುತ್ತದೆ, ಅಲ್ವಾ? ಔಷಧಿ ಹೊಡೆದ ಹೊಲಕ್ಕೆ ಮಕ್ಕಳನ್ನು ಇಳಿಸದಂತೆ ರೈತರ ಜೊತೆ ಮೊದಲೇ ಮಾತಾಡಿಕೊಳ್ಳಬೇಕು. ಕಾಲುವೆ ದಂಡೆಯಲ್ಲಿ ಮಕ್ಕಳ ಮೇಲೆ ಕಣ್ಣಿಡಲು ಪೋಷಕರು ಜೊತೆಗೆ ಬರುತ್ತೇವೆ.

ಬಿಸಿಯೂಟದ ಅಡುಗೆ ಶಾಲೆಯಲ್ಲೇ ಆಗುವ ಕಡೆ, ವಾರಕ್ಕೊಂದು ದಿನವಾದರೂ ಸೊಪ್ಪು, ತರಕಾರಿಯನ್ನು ಹತ್ತಿರದ ಬೆಳೆಗಾರರಿಂದಲೇ ಕೊಳ್ಳಲು ಆಗುತ್ತದೆಯೇ ಎಂದು ಬಿಸಿಯೂಟ ನೋಡಿಕೊಳ್ಳುವ ಅಕ್ಷರ ದಾಸೋಹದ ಅಧಿಕಾರಿಗಳ ಜೊತೆ ತಾವು ಮಾತನಾಡಬೇಕು. ಇದು ನೇರವಾಗಿ ಪಾಲಿಕೆಯ ಕೆಲಸವಲ್ಲ ಎಂದು ಗೊತ್ತು, ಆದರೆ ತಮ್ಮ ಮಾತಿಗೆ ತೂಕವಿದೆ.

ಎಲ್ಲ ಶಾಲೆಗಳಲ್ಲೂ ಒಮ್ಮೆಲೇ ಶುರು ಮಾಡಿ ಅಂತ ನಾವು ಕೇಳುತ್ತಿಲ್ಲ. ಬರುವ ಜೂನ್‌ಗೆ ನಮ್ಮ ಭಾಗದ ಎರಡು ಶಾಲೆಗಳಿಂದ ಆರಂಭಿಸೋಣ. ಇದಕ್ಕೆಂದೇ ಒಬ್ಬ ಅಧಿಕಾರಿಯನ್ನು ಗೊತ್ತು ಮಾಡಿ. ಶಾಲೆಗಳು ಬಾಗಿಲು ಮುಚ್ಚುವ ಮೊದಲೇ ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಮತ್ತು ನಮ್ಮನ್ನು ಕೂರಿಸಿ ಒಂದು ಸಭೆ ಕರೆಯಬೇಕೆಂದು ಕೋರುತ್ತೇವೆ. ಭಾನುವಾರಗಳಂದು ತೋಟ ನೋಡಿಕೊಳ್ಳುವವರ ಪಟ್ಟಿಯನ್ನು ಆ ಸಭೆಗೇ ತರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ನಿಟುವಳ್ಳಿ ಮತ್ತು ಸುತ್ತಲಿನ ಬಡಾವಣೆಗಳ ನಿವಾಸಿಗಳು ಹಾಗೂ ಪೋಷಕರು
ದಾವಣಗೆರೆ

ಪ್ರತಿ: ಮಾನ್ಯ ಮೇಯರ್, ಮಹಾನಗರ ಪಾಲಿಕೆ, ಕ್ಷೇತ್ರ ಶಿಕ್ಷಣಾಧಿಕಾರಿಗಳು, ದಾವಣಗೆರೆ, ಸಹಾಯಕ ನಿರ್ದೇಶಕರು, ಅಕ್ಷರ ದಾಸೋಹ.