ಲಕ್ವ ಹೊಡೆದವರ ಬಾಯಿಗೆ ಕಷಾಯ ಹಾಕಬೇಡಿ

ಮಾನ್ಯರೇ,

ಯಾವುದೋ ಗಿಡದ ಸತ್ವ ಸ್ಟ್ರೋಕ್ (ಲಕ್ವ) ಆದಮೇಲೆ ಮೆದುಳನ್ನು ಕಾಪಾಡುತ್ತದೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ಒಮ್ಮೆ ಅರಿಶಿನ, ಇನ್ನೊಮ್ಮೆ ಒಂದೆಲಗ, ಮತ್ತೊಮ್ಮೆ ಸ್ಟ್ರಾಬೆರಿ. ಓದಿದವರು ಫೋಟೋ ಹೊಡೆದು ಫ್ಯಾಮಿಲಿ ಗ್ರೂಪಿಗೆ ಹಾಕುತ್ತಾರೆ. ಅಷ್ಟರಲ್ಲಿ ‘ಇಲಿಗಳ ಮೇಲೆ ನಡೆದ ಪ್ರಯೋಗ’ ಎಂಬ ಕೊನೆಯ ಸಾಲು ಉದುರಿಹೋಗಿರುತ್ತದೆ. ನಾನು ಲಕ್ವ ಹೊಡೆದವರಿಗೆ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್. ಅರ್ಧ ಸುದ್ದಿ ಮನೆಮಂದಿಯ ಕೈಗೆ ಸಿಕ್ಕರೆ ಏನಾಗುತ್ತದೆ ಅಂತ ನೋಡುತ್ತಿರುವವನು.

ಈ ಪೈಕಿ ಗಟ್ಟಿ ಆಧಾರ ಇರುವುದು ಸೆಲರಿ ಬೀಜದಲ್ಲಿ ಸಿಗುವ ಬ್ಯುಟೈಲ್‌ಥ್ಯಾಲೈಡ್‌ಗೆ. ಸೆಲರಿ ನಮ್ಮ ಕೊತ್ತಂಬರಿ, ಜೀರಿಗೆ, ಓಮದ ಬಳಗದ್ದೇ ಗಿಡ. ಚೀನಾ 2002ರಲ್ಲೇ ಇದನ್ನು ಸ್ಟ್ರೋಕ್ ಔಷಧಿಯಾಗಿ ಒಪ್ಪಿತು. 2023ರಲ್ಲಿ ಅಲ್ಲಿನ ದೊಡ್ಡ ಪ್ರಯೋಗವೊಂದರ ಫಲಿತಾಂಶ ಬಂತು. 1,216 ರೋಗಿಗಳು. ಸುಮಾರು ಅರ್ಧ ಜನಕ್ಕೆ ಔಷಧಿ, ಉಳಿದವರಿಗೆ ನೋಡಲು ಹಾಗೇ ಇರುವ ಖಾಲಿ ಡೋಸ್. 90 ದಿನದ ಹೊತ್ತಿಗೆ ಔಷಧಿ ಪಡೆದವರಲ್ಲಿ ಶೇ 56.7 ಮಂದಿ ಚೆನ್ನಾಗಿ ಚೇತರಿಸಿಕೊಂಡಿದ್ದರು. ಇನ್ನೊಂದು ಗುಂಪಿನಲ್ಲಿ ಶೇ 44. ಇದೇನು ಸಣ್ಣ ಲಾಭವಲ್ಲ.

ಆದರೆ ಆ ರೋಗಿಗಳೆಲ್ಲ ಲಕ್ವ ಹೊಡೆದ 6 ಗಂಟೆಯೊಳಗೆ ಆಸ್ಪತ್ರೆ ಸೇರಿದ್ದವರು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ನೋ, ರಕ್ತನಾಳದೊಳಗೆ ಕೊಳವೆ ತೂರಿಸಿ ಗಡ್ಡೆ ತೆಗೆಯುವ ಚಿಕಿತ್ಸೆಯೋ ಅವರಿಗೆ ಸಿಕ್ಕಿತ್ತು. ಸೆಲರಿಯ ಔಷಧಿ ಅದರ ಜೊತೆಗೆ. ಮೊದಲ 14 ದಿನ ಡ್ರಿಪ್‌ನಲ್ಲಿ, ಆಮೇಲೆ ಕ್ಯಾಪ್ಸೂಲ್. ಆ ಕ್ಯಾಪ್ಸೂಲಿನೊಳಗೆ ಇರುವುದೂ ಫ್ಯಾಕ್ಟರಿಯಲ್ಲಿ ತಯಾರಾದದ್ದೇ. ಸೂಪಿಗೆ ನಾಲ್ಕು ದಂಟು ಸೆಲರಿ ಹಾಕಿದರೆ, ಓಮ ಕುದಿಸಿ ಕುಡಿದರೆ ಆ ಕೆಲಸ ಆಗಲ್ಲ.

ಯಾಕೆ ಜೊತೆಗೇ ಬೇಕು? ರಕ್ತನಾಳ ಕಟ್ಟಿದಾಗ ಮೆದುಳಿನ ಒಂದಿಷ್ಟು ಭಾಗ ನಿಮಿಷಗಳಲ್ಲೇ ಸಾಯುತ್ತದೆ. ಅದರ ಸುತ್ತಲಿನದು ಅರೆಜೀವ. ಅಕ್ಕಪಕ್ಕದ ಸಣ್ಣ ನಾಳಗಳಿಂದ ಬರುವ ಚೂರುಪಾರು ರಕ್ತದಲ್ಲಿ ಹೇಗೋ ತಡೆದುಕೊಂಡಿರುತ್ತದೆ. ಈ ಸತ್ವಗಳು ಉಳಿಸಲು ನೋಡುವುದು ಆ ಭಾಗವನ್ನು. ಗಡ್ಡೆ ಹಾಗೇ ಕೂತಿದ್ದರೆ ಅದಾದರೂ ಎಷ್ಟು ಹೊತ್ತು ಉಳಿದೀತು? ದೊಡ್ಡ ನಾಳ ಕಟ್ಟಿದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಎಂಬ ಲೆಕ್ಕವಿದೆ. ಗಡ್ಡೆ ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಅದಕ್ಕೂ ಮೊದಲು ಸ್ಕ್ಯಾನ್ ಆಗಲೇಬೇಕು. ಒಳಗೆ ಗಡ್ಡೆ ಕಟ್ಟಿದೆಯೋ ರಕ್ತ ಸೋರಿದೆಯೋ ಹೊರಗಿನಿಂದ ನೋಡಿ ಹೇಳಲು ಯಾರಿಂದಲೂ ಆಗದು.

ಇನ್ನು ಇಲಿಯಲ್ಲಿ ಗೆದ್ದದ್ದೆಲ್ಲ ಮನುಷ್ಯರಲ್ಲಿ ಗೆಲ್ಲುವುದಿಲ್ಲ. ಎನ್‌ಎಕ್ಸ್‌ವೈ-059 ಎಂಬ ಔಷಧಿ (ಗಿಡದ್ದಲ್ಲ ಬಿಡಿ) ಪ್ರಾಣಿಗಳಲ್ಲಿ ಗೆದ್ದು, 2006ರಲ್ಲಿ ರೋಗಿಗಳಲ್ಲೂ ಆಸೆ ಹುಟ್ಟಿಸಿತ್ತು. ಮರುವರ್ಷ ಇನ್ನೂ ದೊಡ್ಡ ಪ್ರಯೋಗದಲ್ಲಿ ಠುಸ್ ಆಯಿತು. ಲ್ಯಾಬಿನ ಇಲಿ ಸಾಮಾನ್ಯವಾಗಿ ಎಳೆಯದು, ಆರೋಗ್ಯವಾಗಿರುತ್ತದೆ. ಅದರ ರಕ್ತನಾಳ ಮುಚ್ಚಿದ ಹೊತ್ತು ಗಡಿಯಾರ ನೋಡಿ ಬರೆದಿಟ್ಟಿರುತ್ತಾರೆ. ನಮ್ಮಲ್ಲಿ ಬರುವ ಅಜ್ಜನಿಗೆ ಬಿಪಿಯೂ ಇದೆ, ಶುಗರೂ ಇದೆ. ಯಾವಾಗ ಆಯ್ತು ಅಂದರೆ, ‘ಬೆಳಿಗ್ಗೆ ಏಳುವಾಗ್ಲೇ ಕೈ ಎತ್ತೋಕೆ ಆಗ್ಲಿಲ್ಲ’.

ನನ್ನ ಮುಖ್ಯ ತಕರಾರು ಬೇರೆಯೇ ಇದೆ. ಲಕ್ವ ಹೊಡೆದಾಗ ಕೈಕಾಲಿನಂತೆ ಗಂಟಲೂ ಸೋಲಬಹುದು. ಮೇಲ್ನೋಟಕ್ಕೆ ಗೊತ್ತಾಗುವುದಿಲ್ಲ. ಮನೆಯವರು ಪ್ರೀತಿಯಿಂದಲೇ ತಲೆ ಎತ್ತಿ ಹಿಡಿದು, ಚಮಚದಲ್ಲಿ ಕಷಾಯ ಹಾಕುತ್ತಾರೆ. ಅರ್ಧ ಬಾಯಿಯ ಮೂಲೆಯಿಂದ ಸುರಿದುಹೋಗುತ್ತದೆ. ಉಳಿದದ್ದು ಹೊಟ್ಟೆಯ ಬದಲು ಶ್ವಾಸಕೋಶಕ್ಕೆ ಇಳಿಯಬಹುದು. ಕೆಲವರಿಗೆ ಕೆಮ್ಮೂ ಬರುವುದಿಲ್ಲ. ಎರಡು ದಿನ ಬಿಟ್ಟು ಜ್ವರ, ಏದುಸಿರು, ನ್ಯುಮೋನಿಯಾ. ಅಂಥವರನ್ನು ಎಬ್ಬಿಸಿ ಕೂರಿಸಿ ಕಫ ತೆಗೆಯುವುದರಲ್ಲೇ ದಿನ ಕಳೆಯುತ್ತದೆ. ಕೈಕಾಲಿನ ವ್ಯಾಯಾಮ ಅಲ್ಲಿಗೇ ನಿಲ್ಲುತ್ತದೆ. ಲಕ್ವ ವಾಸಿಯಾಗುತ್ತದೆ ಅಂತ ಪಾರಿವಾಳದ ರಕ್ತ ಹಚ್ಚಿಸಿಕೊಂಡು ಬಂದವರೂ ಇದ್ದಾರೆ. ಅದು ಚರ್ಮದ ಮೇಲಷ್ಟೇ, ಹೋಗಲಿ ಅನ್ನೋಣ ಅಂದರೆ ಅಲ್ಲೂ ಹೋದದ್ದು ಹೊತ್ತು.

ಒಂದೆಲಗದ ತಂಬುಳಿ ನನಗೂ ಇಷ್ಟ. ಒಂದೆಲಗದಲ್ಲಿರುವ ಏಷಿಯಾಟಿಕ್ ಆಸಿಡ್ ಇಲಿಗಳ ಮೆದುಳನ್ನು ಕಾಪಾಡಿದ್ದೂ ನಿಜ. ಸೆಲರಿಯನ್ನು ಚೀನಾದವರು ಪರೀಕ್ಷೆಗೆ ಒಡ್ಡಿದಂತೆ ನಮ್ಮ ಒಂದೆಲಗವನ್ನೂ ಸಾವಿರ ರೋಗಿಗಳಲ್ಲಿ ಪರೀಕ್ಷಿಸಲಿ, ಸರ್ಕಾರ ದುಡ್ಡು ಕೊಡಲಿ. ಅಲ್ಲಿಯವರೆಗೆ ತಂಬುಳಿ ಊಟದ ಎಲೆಯಲ್ಲೇ ಇರಲಿ, ಅಲ್ವಾ?

ಪತ್ರಿಕೆಗೆ ಒಂದು ಕೋರಿಕೆ. ಇಂಥ ಸುದ್ದಿ ಹಾಕುವಾಗ ಇಲಿಯೋ ಮನುಷ್ಯರೋ ಎಂಬುದು ಹೆಡ್ಡಿಂಗಿನಲ್ಲೇ ಬರಲಿ. ಪಕ್ಕದಲ್ಲಿ ಚಿಕ್ಕ ಬಾಕ್ಸ್ ಇರಲಿ: ಮುಖ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಹೊತ್ತು ಬರೆದಿಟ್ಟುಕೊಳ್ಳಿ, ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ. ಜೊತೆಗೆ, ನಡುರಾತ್ರಿಯಲ್ಲೂ ಸಿ.ಟಿ. ಸ್ಕ್ಯಾನ್ ಮಾಡಿ ಆ ಇಂಜೆಕ್ಷನ್ ಕೊಡುವ ಆಸ್ಪತ್ರೆಗಳು ಯಾವುವು ಅಂತ ಜಿಲ್ಲಾವಾರು ಪಟ್ಟಿ ಹಾಕಿ.

— ಒಬ್ಬ ಫಿಸಿಯೋಥೆರಪಿಸ್ಟ್, ಶಿವಮೊಗ್ಗ