ಕಚೇರಿ ಬಿಟ್ಟರೂ ಬಿಡದ ಗ್ರೂಪ್

ಮಾನ್ಯ ಸಂಪಾದಕರೇ,

ನಾನು ಹುಬ್ಬಳ್ಳಿಯ ಬ್ಯಾಂಕ್ ಶಾಖೆಯೊಂದರಲ್ಲಿದ್ದ ಕಾಲಕ್ಕೆ, ಸಂಜೆ ಧಾರವಾಡದ ಬಸ್ ಹತ್ತಿದರೆ ತಾಳೆಯಾಗದ ಲೆಕ್ಕದ ಚಿಂತೆಯೂ ನವನಗರ ದಾಟುವಷ್ಟರಲ್ಲಿ ಹಿಂದೆ ಉಳಿಯುತ್ತಿತ್ತು. ಆ ಸುಮಾರು 20 ಕಿ.ಮೀ. ದಾರಿಯಲ್ಲಿ ನೌಕರನೊಬ್ಬ ಮತ್ತೆ ಮನೆಯ ಮನುಷ್ಯನಾಗುತ್ತಿದ್ದ. ಈಗ ಚಿಗರಿ ಬಸ್ಸಿನಲ್ಲಿ ಪ್ರಯಾಣ ಹಗುರಾಗಿದೆ, ಆದರೆ ಕಚೇರಿಯೂ ಜೇಬಿನಲ್ಲೇ ಕುಳಿತು ಮನೆಗೆ ಬರುತ್ತದೆ.

ಖಾಸಗಿ ಸಂಸ್ಥೆಯಲ್ಲಿರುವ ನನ್ನ ಸೊಸೆ ರಾತ್ರಿ ಊಟಕ್ಕೆ ಕುಳಿತಾಗ, ಮೊಮ್ಮಗಳು ಶಾಲೆಯ ಸುದ್ದಿ ಹೇಳುತ್ತಿರುವಾಗಲೇ, ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಸೂಚನೆಗಳು ಬರುತ್ತವೆ. ಉತ್ತರಿಸದಿದ್ದರೆ ‘ನೋಡಿಯೂ ಸುಮ್ಮನಿದ್ದಿರೇಕೆ’ ಎಂದು ಮರುದಿನ ಕೇಳುತ್ತಾರೆ. ಸಂದೇಶ ಓದಿದ್ದನ್ನು ತೋರಿಸಲು 2014ರಲ್ಲಿ ಬಂದ ನೀಲಿ ಗುರುತನ್ನು ಖಾಸಗಿ ಮಾತುಕತೆಯಲ್ಲಿ ಮರೆಮಾಡಬಹುದು. ಗ್ರೂಪಿನಲ್ಲಿ ಮಾತ್ರ ಆ ಅನುಕೂಲವಿಲ್ಲ, ಯಾರು ಓದಿದರೆಂಬುದು ಕಳುಹಿಸಿದವರಿಗೆ ಗೊತ್ತಾಗಿಯೇ ತೀರುತ್ತದೆ. ಹೀಗಾಗಿ ಓದುವುದೇ ಒಪ್ಪಿಗೆ ಕೊಟ್ಟಂತಾಗಿದೆ.

ಸಂದೇಶ ಬಾರದ ರಾತ್ರಿಯೂ ಆಕೆ ಫೋನ್ ತಿರುವಿ ನೋಡುತ್ತಾಳೆ. ಎಷ್ಟನೆಯ ಸಲ ಕುಕ್ಕಿದರೆ ಕಾಳು ಬೀಳುತ್ತದೆಂದು ಗೊತ್ತಾಗದಂತೆ ಮಾಡಿದರೆ ಪಾರಿವಾಳ ಬಿಡದೆ ಕುಕ್ಕುತ್ತಲೇ ಇರುತ್ತದೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಕಳೆದ ಶತಮಾನದಲ್ಲೇ ತೋರಿಸಿದ್ದರು. ಯಾವಾಗ ಬಂದೀತೆಂದು ತಿಳಿಯದ ಸಂದೇಶವೂ ನಮ್ಮನ್ನು ಹಾಗೆಯೇ ಕಟ್ಟಿಹಾಕುತ್ತದೆ. (ನಾನೂ ಸಾಚಾ ಅಲ್ಲ, ನಿವೃತ್ತರ ಗ್ರೂಪಿಗಾಗಿ ನಸುಕಿನಲ್ಲೇ ಫೋನ್ ಹುಡುಕುತ್ತೇನೆ.) ಪಕ್ಕದಲ್ಲಿದ್ದವರ ಮಾತಿಗೆ ‘ಹ್ಞೂಂ’ ಎನ್ನುತ್ತಲೇ ಕಣ್ಣು ಪರದೆಯ ಮೇಲಿಡುವ ಅಭ್ಯಾಸದಿಂದ ಗಂಡ ಹೆಂಡಿರ ನಡುವೆ ಏಳುವ ಮನಸ್ತಾಪವನ್ನು ನಾನು ಮನೆಯಲ್ಲೇ ಕಂಡಿದ್ದೇನೆ.

ಇಂಥವರಿಗೆ ಧ್ಯಾನ ಮಾಡಿ, ಆಪ್ತಸಮಾಲೋಚನೆಗೆ ಹೋಗಿ ಎನ್ನುವುದು ಸುಲಭ. ಧಾರವಾಡದಲ್ಲಿ ಡಿಮ್ಹಾನ್ಸ್‌ನಂಥ ಮಾನಸಿಕ ಆರೋಗ್ಯ ಸಂಸ್ಥೆ ಇರುವುದು ನಮ್ಮ ಭಾಗ್ಯವೇ ಹೌದು; ಆದರೆ ಇಲ್ಲಿ ತಿದ್ದಬೇಕಾದದ್ದು ಸಂದೇಶ ಕಳುಹಿಸುವವರ ರೂಢಿಯನ್ನು. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಕೆಲಸದ ನಂತರ ಸಂಪರ್ಕದಿಂದ ದೂರವಿರುವ ಹಕ್ಕಿನ ಬಗ್ಗೆ ನೌಕರರೊಂದಿಗೆ ಮಾತುಕತೆ ನಡೆಸಬೇಕೆಂಬ ನಿಯಮ ಫ್ರಾನ್ಸ್‌ನಲ್ಲಿ 2017ರಿಂದಲೇ ಇದೆ. ನಮ್ಮ ಲೋಕಸಭೆಯಲ್ಲಿ 2018ರಲ್ಲಿ ಸಂಸದೆ ಸುಪ್ರಿಯಾ ಸುಳೆ ಇದೇ ಹಕ್ಕಿಗಾಗಿ ಮಂಡಿಸಿದ ಖಾಸಗಿ ಮಸೂದೆ ಕಾಯ್ದೆಯಾಗಲಿಲ್ಲ.

ಕಾಯ್ದೆ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಅವಳಿನಗರದ ಕಚೇರಿ, ಶಾಲೆ, ಕಾರ್ಖಾನೆಗಳ ಮುಖ್ಯಸ್ಥರು ಸಂಜೆ 7ರ ನಂತರ ಗ್ರೂಪಿನಲ್ಲಿ ಸೂಚನೆ ಹಾಕುವುದನ್ನು ನಿಲ್ಲಿಸಲಿ. ನಿಜವಾಗಿ ಅವಸರವಿದ್ದರೆ ಕರೆ ಮಾಡಲಿ. ಉಳಿದದ್ದನ್ನು ಬೆಳಿಗ್ಗೆ ಹೇಳಿದರಾಯಿತು.

— ನಿವೃತ್ತ ಬ್ಯಾಂಕ್ ನೌಕರ, ಧಾರವಾಡ